ಸೈನಿಕನ ದೇಹಭಾರವೂ ಶಸ್ತ್ರಚಿಕಿತ್ಸೆಯ ವಿವೇಕವೂ

ಸೇನೆಯಲ್ಲಿರುವ ಮಗನು ರಜೆಯ ಮೇಲೆ ಊರಿಗೆ ಬಂದಾಗ ಮನೆಯ ಹಿರಿಯರು ಮೊದಲು ನೋಡುವುದು ಅವನ ಮೈಯನ್ನು. ಮೈ ತುಂಬಿಕೊಂಡಿದ್ದರೆ ಅವರಿಗೆ ಸಂತೋಷ, ಸೊರಗಿದ್ದರೆ ಸಂಕಟ. ಆದರೆ ಊರಿನಲ್ಲಿ ಹೊಗಳಿಕೆಗೆ ಪಾತ್ರವಾದ ಅದೇ ದೇಹಭಾರವು ಪಾಳೆಯದಲ್ಲಿ ಅವನ ದಾಖಲೆಯಲ್ಲಿ ನ್ಯೂನತೆಯಾಗಿ ಬರೆಯಲ್ಪಡುತ್ತದೆ ಎಂಬುದನ್ನು ನಮ್ಮ ಕುಟುಂಬಗಳು ಅಷ್ಟಾಗಿ ಅರಿತಿಲ್ಲ. ಈಚಿನ ವರ್ಷಗಳಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತುಗಳು ಎಲ್ಲೆಡೆ ಕಾಣತೊಡಗಿವೆ. ಅವನ್ನು ಕಂಡು, "ರಜೆಯಲ್ಲಿ ಬಂದಾಗ ಸದ್ದಿಲ್ಲದೆ ಮಾಡಿಸಿಕೊಂಡು ಹೋದರೆ ಆಗದೇ?" ಎಂದು ಕೇಳುವವರು ನಮ್ಮ ಅಗರ, ಮಾಂಬಳ್ಳಿಗಳ ಸೀಮೆಯಲ್ಲಿಯೂ ಇದ್ದಾರೆ. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಇದರಲ್ಲಿ ಒಬ್ಬನ ಆರೋಗ್ಯವೂ ಅವನ ಕಾಯಕವೂ ಅವನನ್ನು ನಂಬಿದ ಸಂಸಾರವೂ ಸೇರಿವೆ. ಆದುದರಿಂದ ವಿಷಯವನ್ನು ತುಸು ವಿಸ್ತಾರವಾಗಿ ವಿಚಾರಿಸೋಣ.

ಸೇನೆಯ ಅಳತೆಗೋಲು

ನಮ್ಮ ಸೇನೆಯಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನು ಐದು ಅಂಗಗಳಾಗಿ ವಿಂಗಡಿಸಿ ನೋಡುವ ಪದ್ಧತಿಯುಂಟು. ಮನಸ್ಸಿನ ಸ್ಥಿತಿ, ಶ್ರವಣ, ಕೈಕಾಲುಗಳು, ದೈಹಿಕ ಸಾಮರ್ಥ್ಯ, ದೃಷ್ಟಿ ಎಂಬ ಈ ಐದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಶೇಪ್' ಎಂದು ಕರೆಯುತ್ತಾರೆ. ಐದರಲ್ಲಿಯೂ ಮೊದಲ ದರ್ಜೆ ಪಡೆದವನು 'ಶೇಪ್ ಒನ್' ಎನಿಸುತ್ತಾನೆ. ಯಾವ ಒಂದರಲ್ಲಿ ಕುಂದು ಕಂಡರೂ ಅವನನ್ನು ಕೆಳ ವೈದ್ಯಕೀಯ ವರ್ಗಕ್ಕೆ ಸೇರಿಸಲಾಗುತ್ತದೆ. ಮೊದಲು ಅದು ತಾತ್ಕಾಲಿಕ. ನಿಯತ ಅವಧಿಯ ನಂತರ ಮರುಪರೀಕ್ಷೆ ನಡೆಯುತ್ತದೆ. ಸುಧಾರಣೆ ಕಾಣದಿದ್ದರೆ ಅದು ಶಾಶ್ವತವಾಗಬಹುದು. ಬಡ್ತಿ, ವಿಶೇಷ ತರಬೇತಿ, ದುರ್ಗಮ ಪ್ರದೇಶದ ನೇಮಕ, ಸೇವಾವಧಿಯ ವಿಸ್ತರಣೆ ಇವೆಲ್ಲದರ ಮೇಲೂ ಈ ವರ್ಗದ ನೆರಳು ಬೀಳುತ್ತದೆ.

ತೂಕದ ವಿಚಾರಕ್ಕೆ ಬಂದರೆ, ಎತ್ತರ ಮತ್ತು ವಯಸ್ಸುಗಳಿಗೆ ತಕ್ಕ ಆದರ್ಶ ತೂಕದ ಪಟ್ಟಿಯೊಂದನ್ನು ಇಟ್ಟುಕೊಂಡು ಅಳೆಯುತ್ತಾರೆ. ಇದಲ್ಲದೆ ಓಟ, ಹಗ್ಗ ಹತ್ತುವುದು, ಒಂಬತ್ತು ಅಡಿಯ ಹಳ್ಳವನ್ನು ಹಾರುವುದು ಮುಂತಾದ ಪರೀಕ್ಷೆಗಳಿವೆ. ಐದು ಕಿಲೋಮೀಟರ್ ಓಟವು ಅವುಗಳಲ್ಲಿ ಮುಖ್ಯವಾದುದು. 2024ರಲ್ಲಿ ಭೂಸೇನೆಯು ದೈಹಿಕ ಕ್ಷಮತೆಯ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿತು. 2022ರಲ್ಲಿ ಅಗ್ನಿಪಥ ಯೋಜನೆ ಜಾರಿಗೆ ಬಂದ ಮೇಲಂತೂ ನಾಲ್ಕು ವರ್ಷಗಳ ಸೇವೆಯ ಕೊನೆಯಲ್ಲಿ ಶೇಕಡಾ 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶವಿರುವುದರಿಂದ ತರುಣರಿಗೆ ತಕ್ಕಡಿಯ ಭಯ ಮತ್ತಷ್ಟು ಹೆಚ್ಚಿದೆ. ಶಸ್ತ್ರಚಿಕಿತ್ಸೆಯೆಂಬ ಅಡ್ಡದಾರಿಯ ಆಸೆ ಹುಟ್ಟುವುದು ಈ ಭಯದಿಂದಲೇ.

ಚಿಕಿತ್ಸೆಯ ಸ್ವರೂಪ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯು ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯಲ್ಲ. ಅವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಇದು ಜಠರದ ಮತ್ತು ಕರುಳಿನ ರಚನೆಯನ್ನೇ ಬದಲಿಸುವ ಕ್ರಿಯೆ. 1954ರಲ್ಲಿ ಅಮೆರಿಕೆಯ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು ಕರುಳಿನ ಬಹುಭಾಗವನ್ನು ಬಳಸುದಾರಿ ಮಾಡಿ ಬಿಡುವ ವಿಧಾನವನ್ನು ಪ್ರಕಟಿಸಿದರು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರದ ಬಳಸುದಾರಿಯನ್ನು ರೂಪಿಸಿದರು. 1994ರ ವೇಳೆಗೆ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನ ಸಹಾಯದಿಂದ ಇದನ್ನು ಮಾಡುವ ಕ್ರಮ ಬಂದಿತು.

ಇಂದು ಎರಡು ವಿಧಾನಗಳು ಹೆಚ್ಚಾಗಿ ಬಳಕೆಯಲ್ಲಿವೆ. ಒಂದರಲ್ಲಿ ಜಠರದ ಸುಮಾರು ಶೇಕಡಾ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಹಣ್ಣಿನಂತಹ ಕೊಳವೆಯಾಗಿ ಬಿಡುತ್ತಾರೆ. ತೆಗೆದ ಭಾಗವು ಮರಳಿ ಬರುವುದಿಲ್ಲ. ಇನ್ನೊಂದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಊಟ ಮಿತವಾಗುವುದಲ್ಲದೆ ಹಸಿವನ್ನು ಪ್ರೇರಿಸುವ ರಸಗಳೂ ಬದಲಾಗುತ್ತವೆ. ಒಂದೆರಡು ವರ್ಷಗಳಲ್ಲಿ ದೇಹದ ತೂಕದ ಕಾಲುಭಾಗವೋ ಅದಕ್ಕೂ ತುಸು ಹೆಚ್ಚೋ ಇಳಿಯುತ್ತದೆ. ಅನೇಕರ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಸ್ವೀಡನ್ ದೇಶದಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನವು, ಅತಿ ಸ್ಥೂಲರಾದವರಲ್ಲಿ ಈ ಚಿಕಿತ್ಸೆ ಪಡೆದವರ ಮರಣಪ್ರಮಾಣ ಕಡಮೆಯೆಂದು 2007ರಲ್ಲಿ ತೋರಿಸಿಕೊಟ್ಟಿತು. ಹೀಗಾಗಿ ಇದನ್ನು ಮೋಸವೆಂದೋ ಪ್ರಕೃತಿವಿರೋಧವೆಂದೋ ಜರೆಯುವುದು ಸರಿಯಲ್ಲ. ಯೋಗ್ಯರಿಗೆ ಇದು ಜೀವದಾನವೇ ಸರಿ. ಪ್ರಶ್ನೆಯಿರುವುದು ಯಾರು ಯೋಗ್ಯರು ಎಂಬುದರಲ್ಲಿ.

ಲೆಕ್ಕ ಏನು ಹೇಳುತ್ತದೆ?

ಕಿಲೋಗ್ರಾಂಗಳಲ್ಲಿ ಹೇಳಿದ ತೂಕವನ್ನು ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ದೇಹರಾಶಿ ಸೂಚ್ಯಂಕ ಎನ್ನುತ್ತಾರೆ. 1991ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆಯು, ಈ ಸಂಖ್ಯೆ 40ನ್ನು ಮುಟ್ಟಿದವರಿಗೆ, ಅಥವಾ 35ನ್ನು ಮುಟ್ಟಿ ಜೊತೆಗೆ ಗಂಭೀರ ಕಾಯಿಲೆಯಿರುವವರಿಗೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದೆಂದಿತು. 2022ರಲ್ಲಿ ತಜ್ಞರ ಸಂಘಗಳು ಈ ಮಿತಿಗಳನ್ನು ಪರಿಷ್ಕರಿಸಿ, 35 ಇದ್ದವರಿಗೆ ಬೇರೆ ಕಾಯಿಲೆಯಿಲ್ಲದಿದ್ದರೂ, 30ರ ಮೇಲಿದ್ದು ಸಕ್ಕರೆ ಕಾಯಿಲೆಯಂತಹ ತೊಂದರೆಯಿರುವವರಿಗೂ ಯೋಚಿಸಬಹುದೆಂದವು. ಏಷ್ಯಾದವರಲ್ಲಿ ಕಡಮೆ ತೂಕದಲ್ಲಿಯೇ ಹೊಟ್ಟೆಯ ಕೊಬ್ಬು ಹಾನಿ ಮಾಡುವುದರಿಂದ 27.5ರಿಂದಲೇ ಪರಿಶೀಲಿಸಬಹುದೆಂದೂ ಸೇರಿಸಿದವು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 170 ಸೆಂಟಿಮೀಟರ್ ಎತ್ತರದ ಸೈನಿಕನೊಬ್ಬನಿದ್ದಾನೆನ್ನಿ. ಅವನ ತೂಕ 75 ಕಿಲೋ ಆದರೆ ಸೂಚ್ಯಂಕ 26ರ ಆಸುಪಾಸು; ತೂಕ ಇಳಿಸೆಂದು ಅವನಿಗೆ ಎಚ್ಚರಿಕೆ ಬರಬಹುದು. ಆದರೆ ಸೂಚ್ಯಂಕ 30 ಆಗಲು ಅವನು ಸುಮಾರು 87 ಕಿಲೋ ತೂಗಬೇಕು; 35 ಆಗಲು 101 ಕಿಲೋ; 40 ಆಗಲು ಸುಮಾರು 116 ಕಿಲೋ. ತಕ್ಕಡಿಯ ಮೇಲೆ ಎಡವಿದ ಬಹುಮಂದಿ ಸೈನಿಕರಿಗೂ ಶಸ್ತ್ರಚಿಕಿತ್ಸೆಗೆ ಅರ್ಹನಾದ ರೋಗಿಗೂ ಇರುವ ಅಂತರ ಎಷ್ಟು ದೊಡ್ಡದೆಂಬುದನ್ನು ಓದುಗರು ಗಮನಿಸಬೇಕು. ಎಂಟು ಹತ್ತು ಕಿಲೋ ಹೆಚ್ಚಾದವನಿಗೆ ಬೇಕಾದುದು ಕತ್ತಿಯಲ್ಲ, ಕ್ರಮ. ನೂರು ಕಿಲೋ ದಾಟಿ ಸಕ್ಕರೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆಗಳಿಂದ ನರಳುವವನಾದರೋ ನಿಜವಾಗಿ ರೋಗಿ. ಅವನು ಬಡ್ತಿಯ ಚಿಂತೆಯನ್ನು ಬದಿಗಿಟ್ಟು ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ನಿಲ್ಲಬೇಕು. ಇಬ್ಬರಿಗೂ ಗುಟ್ಟಿನ ಚಿಕಿತ್ಸೆ ಹಿತವಲ್ಲ.

ಸಮವಸ್ತ್ರಕ್ಕೆ ಏಕೆ ಹೊಂದದು?

ಅಮೆರಿಕೆಯ ಸೇನಾ ವ್ಯವಸ್ಥೆಯು ಈ ವಿಷಯದಲ್ಲಿ ಸ್ಪಷ್ಟವಾದ ನಿಲುವನ್ನು ತಳೆದಿದೆ. ಅಲ್ಲಿ ಇಂತಹ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಸೇನಾ ಭರ್ತಿಗೆ ಅನರ್ಹರೆಂದು ನಿಯಮವಿದೆ. ಸೇನೆಯ ಆರೋಗ್ಯ ವಿಮೆಯಾದ ಟ್ರೈಕೇರ್ ಯೋಜನೆಯು ನಿವೃತ್ತರಿಗೂ ಕುಟುಂಬದವರಿಗೂ ನಿಗದಿತ ಅರ್ಹತೆಯ ಮೇಲೆ ಈ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆ. ಸಕ್ರಿಯ ಸೇವೆಯಲ್ಲಿರುವ ಸೈನಿಕನಿಗೆ ಭರಿಸುವುದಿಲ್ಲ. ಒಂದೇ ಮನೆಯಲ್ಲಿ ಹೆಂಡತಿಗೆ ಉಂಟು, ಸಮವಸ್ತ್ರದ ಗಂಡನಿಗೆ ಇಲ್ಲ! ಇದು ನಿರ್ದಯವೆಂದು ತೋರಬಹುದು. ಆದರೆ ಕಾರಣ ವಿಚಾರಮಾಡತಕ್ಕದ್ದು.

ಈ ಚಿಕಿತ್ಸೆಯಾದವನು ಹಲವು ವಾರ ದ್ರವಾಹಾರದಲ್ಲಿರಬೇಕು. ಅನಂತರವೂ ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಬೇಕು. ನೀರನ್ನು ಒಂದೇ ಸಲಕ್ಕೆ ಗಟಗಟನೆ ಕುಡಿಯುವಂತಿಲ್ಲ. ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಬಿ-12 ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಜೀವನಪರ್ಯಂತ ಸೇವಿಸಬೇಕು. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ವಾಂತಿ ಮುಂದುವರಿದರೆ ಥಯಾಮಿನ್ ಕೊರತೆಯಿಂದ ನರಗಳಿಗೇ ಹಾನಿಯಾಗಬಹುದು. ಬಳಸುದಾರಿಯ ಚಿಕಿತ್ಸೆಯಾದವರು ಸಿಹಿಯನ್ನು ಹೆಚ್ಚಾಗಿ ತಿಂದರೆ ಬೆವರಿ, ತಲೆ ಸುತ್ತಿ, ಎದೆ ಬಡಿದುಕೊಂಡು ಕುಸಿಯುವುದುಂಟು. ಒಳಗಿನ ಕರುಳು ಸಿಕ್ಕಿಕೊಂಡರೆ ತುರ್ತಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಊರಿನಲ್ಲಿರುವವನಿಗೆ ಇವೆಲ್ಲ ಪಾಲಿಸಬಹುದಾದ ನಿಯಮಗಳೇ. ಗಡಿಯಲ್ಲಿರುವವನ ಪಾಡೇನು? ಧಾರವಾಡ ಜಿಲ್ಲೆಯ ಬೆಟದೂರಿನ ವೀರಯೋಧ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡನಾಡು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯಲ್ಲಿ, 19,000 ಅಡಿಗೂ ಮೀರಿದ ಎತ್ತರದಲ್ಲಿ, ಹಿಮಪಾತಕ್ಕೆ ಸಿಲುಕಿ ಆರು ದಿನಗಳ ನಂತರ ಜೀವಂತವಾಗಿ ದೊರೆತು, 11ನೆಯ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಅಸುನೀಗಿದರು. ಅಂತಹ ಎತ್ತರದಲ್ಲಿ ಹಸಿವೇ ಅಡಗುತ್ತದೆ. ಆರೋಗ್ಯವಂತನೂ ತೂಕ ಕಳೆದುಕೊಳ್ಳುತ್ತಾನೆ. ಕುಡಿಯುವ ನೀರನ್ನು ಹಿಮ ಕರಗಿಸಿ ಪಡೆಯಬೇಕು. ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಬರಲಾರದು. ಅಲ್ಲಿ ಗಳಿಗೆಗೊಮ್ಮೆ ಆಹಾರ, ಹೊತ್ತುಹೊತ್ತಿಗೆ ಮಾತ್ರೆ ಎಂಬ ವ್ರತವನ್ನು ನಡೆಸುವುದೆಂತು? ಅವನೊಬ್ಬನು ಕುಸಿದರೆ ಅವನನ್ನು ಹೊತ್ತು ತರಬೇಕಾದವರು ಅವನ ಜೊತೆಗಾರರೇ.

ಗುಟ್ಟಿನ ಅಪಾಯ

ಈ ಕಾರಣದಿಂದಲೇ ರಜೆಯಲ್ಲಿ ಖಾಸಗಿಯಾಗಿ ಚಿಕಿತ್ಸೆ ಮಾಡಿಸಿಕೊಂಡು ಮರೆಮಾಚುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವೈದ್ಯಕೀಯ ಅಧಿಕಾರಿಗೆ ವಿಷಯ ತಿಳಿದಿದ್ದರೆ ಅವರು ಹೊಟ್ಟೆನೋವೆಂದು ಬಂದವನನ್ನು ಒಂದು ರೀತಿ ನೋಡುತ್ತಾರೆ. ತಿಳಿಯದಿದ್ದರೆ ಸಾಮಾನ್ಯ ಅಜೀರ್ಣವೆಂದು ಗುಳಿಗೆ ಕೊಟ್ಟು ಕಳುಹಿಸಬಹುದು. ಸಾಧಾರಣ ನೋವುನಿವಾರಕ ಮಾತ್ರೆಗಳು ಕೂಡ ಬಳಸುದಾರಿಯ ಚಿಕಿತ್ಸೆಯಾದವನಿಗೆ ಹುಣ್ಣನ್ನು ತರಬಲ್ಲವು. ದೀರ್ಘ ಓಟದಲ್ಲಿ, ಬಿಸಿಲಿನ ಕವಾಯತಿನಲ್ಲಿ ನೀರಿನಂಶ ಕುಂದಿ ಬಿದ್ದಾಗ ಕಾರಣ ಯಾರಿಗೂ ತಿಳಿಯದು. ಶರೀರದ ಮೇಲಿನ ಗಾಯದ ಕಲೆಗಳು ಹೇಗೂ ಮುಂದಿನ ತಪಾಸಣೆಯಲ್ಲಿ ಕಾಣುತ್ತವೆ. ಆಗ ತೂಕದ ದೋಷಕ್ಕೆ ಸುಳ್ಳಿನ ದೋಷವೂ ಕೂಡಿಕೊಳ್ಳುತ್ತದೆ. ಕಾಯಕದಲ್ಲಿ ಸತ್ಯಶುದ್ಧತೆ ಇರಬೇಕೆಂದು ಶರಣರು ನುಡಿದ ಮಾತು ಪಾಳೆಯಕ್ಕೂ ಅನ್ವಯಿಸುತ್ತದೆ.

ಹೊಸದಾಗಿ ಬಂದಿರುವ ಚುಚ್ಚುಮದ್ದುಗಳ ವಿಚಾರದಲ್ಲಿಯೂ ಇದೇ ನ್ಯಾಯ. ಸೆಮಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಗಳು 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳಾಗಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅವು ಹಸಿವನ್ನು ತಗ್ಗಿಸುತ್ತವೆ. ವಾಕರಿಕೆ, ವಾಂತಿಗಳನ್ನೂ ತರಬಲ್ಲವು. ನಿಲ್ಲಿಸಿದರೆ ತೂಕ ಮರಳಬಹುದು. ಸೇನೆಯ ವೈದ್ಯರಿಗೆ ತಿಳಿಸದೆ ಅವನ್ನೂ ಮುಟ್ಟಬಾರದು.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಘಟಕದ ವೈದ್ಯಕೀಯ ಅಧಿಕಾರಿಯನ್ನು ಕಾಣುವುದು. ಸೇವೆಯಲ್ಲಿರುವವನಿಗೆ ಸೇನಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಬೆಂಗಳೂರಿನಲ್ಲಿಯೇ ವಾಯುಸೇನೆಯ ಕಮಾಂಡ್ ಆಸ್ಪತ್ರೆಯಿದೆ. ಥೈರಾಯ್ಡ್ ಗ್ರಂಥಿಯ ದೋಷ, ಸ್ಟೀರಾಯ್ಡ್ ಔಷಧಗಳ ಬಳಕೆ, ಮೊಣಕಾಲಿನ ಹಳೆಯ ಪೆಟ್ಟು, ಮನಸ್ಸಿನ ಖಿನ್ನತೆ ಮುಂತಾದ ಕಾರಣಗಳಿಂದ ತೂಕ ಏರಿದ್ದರೆ ಅವುಗಳನ್ನು ಮೊದಲು ಗುರುತಿಸಬೇಕು. ಶಸ್ತ್ರಚಿಕಿತ್ಸೆಯೇ ಬೇಕೆನಿಸಿದರೆ ಅದರ ನಿರ್ಣಯವನ್ನು ಆ ತಜ್ಞರಿಗೇ ಬಿಟ್ಟು, ಅದರಿಂದ ಸೇವೆಯ ಮೇಲಾಗುವ ಪರಿಣಾಮವನ್ನು ಲಿಖಿತವಾಗಿ ತಿಳಿದು, ಬಳಿಕ ಮುಂದುವರಿಯಬೇಕು. ತಾತ್ಕಾಲಿಕ ಕೆಳವರ್ಗವು ಅವಮಾನವಲ್ಲ. ಸುಧಾರಿಸಿಕೊಳ್ಳಲು ಕೊಟ್ಟ ಕಾಲಾವಕಾಶ.

ಎರಡನೆಯದು, ಆಹಾರದ ವಿವೇಕ. ಕಠಿಣ ಪ್ರದೇಶದಲ್ಲಿ ದುಡಿದು ಶಾಂತಿನೆಲೆಗೆ ಮರಳಿದಾಗ ದುಡಿಮೆ ಇಳಿಯುತ್ತದೆ, ಊಟ ಇಳಿಯುವುದಿಲ್ಲ. ತೂಕ ಏರಲು ಇದು ದೊಡ್ಡ ಕಾರಣ. ಕ್ಯಾಂಟೀನಿನ ಮದ್ಯವೂ ಕರಿದ ತಿಂಡಿಯೂ ಅದಕ್ಕೆ ಕೂಡಿಕೊಳ್ಳುತ್ತವೆ. ತಿಂಗಳಿಗೆ ಎರಡು ಕಿಲೋದಂತೆ ನಿಧಾನವಾಗಿ ಇಳಿಸಿದರೂ ಐದು ತಿಂಗಳಲ್ಲಿ ಹತ್ತು ಕಿಲೋ ಆಯಿತು. ಆ ಇಳಿಕೆ ಉಳಿಯುವ ಸಂಭವವೂ ಹೆಚ್ಚು. ಪರೀಕ್ಷೆಗೆ ಹದಿನೈದು ದಿನವಿರುವಾಗ ಉಪವಾಸ ಬಿದ್ದು ಬೆವರಿಳಿಸುವುದು ಅಪಾಯಕಾರಿ.

ಮೂರನೆಯದು ಮನೆಯವರ ಹೊಣೆ. ವರ್ಷಕ್ಕೆ ಎರಡು ತಿಂಗಳ ರಜೆ ದೊರೆಯುವ ಯೋಧನ ಆರೋಗ್ಯದಲ್ಲಿ ಮನೆಯ ಅಡುಗೆಗೆ ದೊಡ್ಡ ಪಾಲಿದೆ. ಪ್ರೀತಿಯನ್ನು ಹೋಳಿಗೆ, ತುಪ್ಪ, ಬೋಂಡಗಳಲ್ಲಿಯೇ ತೋರಿಸಬೇಕೆಂಬ ನಿಯಮವಿಲ್ಲ. ನಮ್ಮ ಸೀಮೆಯ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿ, ಮಜ್ಜಿಗೆಗಳು ಅಳತೆಯಲ್ಲಿದ್ದರೆ ಉತ್ತಮ ಆಹಾರ. ಆದರೆ ಮುದ್ದೆಯೂ ಮೂರಾದರೆ ತೂಕವೇ. ದಾಸೋಹದ ಪಂಕ್ತಿಯಲ್ಲಿ ಎಡೆಗೆ ಬಂದುದನ್ನು ಚೆಲ್ಲಬಾರದೆಂಬುದು ನಮ್ಮ ಸಂಸ್ಕಾರ. ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬುದು ಅದೇ ಸಂಸ್ಕಾರದ ಇನ್ನೊಂದು ಮುಖ. ನೆಂಟರ ಮನೆಗಳಲ್ಲಿ ಬಲವಂತದ ಬಡಿಸುವಿಕೆಯನ್ನು ನಿಲ್ಲಿಸಿದರೆ ಅದೇ ಒಂದು ಉಪಕಾರ. ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಜನರಿಗೆ ನಡೆಯುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ರಜೆಯಲ್ಲಿ ಬಂದವನು ಬೈಕನ್ನು ಬದಿಗಿಟ್ಟು ದಿನಕ್ಕೊಂದು ಗಂಟೆ ನಡೆದರೆ ಮನೆಯವರೂ ಜೊತೆಗೆ ಹೆಜ್ಜೆ ಹಾಕಬಹುದು.

ಇನ್ನು ತೂಕ ಹೆಚ್ಚಾದವನನ್ನು ಹಾಸ್ಯಮಾಡುವ ಚಾಳಿಯನ್ನು ಬಿಡಬೇಕು. ಸ್ಥೂಲತೆಯು ಬರಿಯ ಸೋಮಾರಿತನದ ಫಲವಲ್ಲ. ವಂಶ, ನಿದ್ರೆ, ಮನಸ್ಸಿನ ಒತ್ತಡ, ಔಷಧ ಇವೆಲ್ಲ ಅದರಲ್ಲಿ ಕೂಡಿವೆ. ಲಜ್ಜೆಯೇ ಮನುಷ್ಯನನ್ನು ಗುಟ್ಟಿನ ದಾರಿಗೆ ತಳ್ಳುತ್ತದೆ. ಮನೆಯಲ್ಲಿ ಬಿಚ್ಚಿ ಹೇಳಿಕೊಳ್ಳಬಲ್ಲವನು ವೈದ್ಯರ ಮುಂದೆಯೂ ಹೇಳಿಕೊಳ್ಳುತ್ತಾನೆ. ಆದುದರಿಂದ ಮಗನ ಬಡ್ತಿಯ ವಿಚಾರವನ್ನು ಕೇಳುವ ಮೊದಲು ಅವನ ಆರೋಗ್ಯದ ವಿಚಾರವನ್ನು ಕೇಳಿರಿ. ಅವನು ತಕ್ಕಡಿಯ ಭಯವನ್ನು ಹೇಳಿಕೊಂಡರೆ ಆಸ್ಪತ್ರೆಯ ಜಾಹೀರಾತನ್ನು ಹುಡುಕಬೇಡಿರಿ. ಘಟಕದ ವೈದ್ಯರಿಗೆ ಎಲ್ಲವನ್ನೂ ತಿಳಿಸೆಂದು ಧೈರ್ಯ ಹೇಳಿ ಕಳುಹಿಸಿರಿ.