ಹಳೆಯ ಚರ್ಚ್ ಕಟ್ಟಡದ ನವೀಕರಣ: ಅರ್ಜಿಯೊಡನೆ ಏನೇನು ಬರೆಯಬೇಕು?

ನಮ್ಮ ಕರಾವಳಿಯ ಹಲವು ಧರ್ಮಕೇಂದ್ರಗಳು ಶತಮಾನೋತ್ಸವವನ್ನೋ ಅದಕ್ಕೂ ದೊಡ್ಡ ಜುಬಿಲಿಯನ್ನೋ ಆಚರಿಸುತ್ತಿವೆ. ಜುಬಿಲಿ ಬಂತೆಂದರೆ ನವೀಕರಣದ ಮಾತೂ ಬರುತ್ತದೆ. ಮಾಡು ಬದಲಿಸೋಣ, ಪೀಠ ಹೊಸದು ಮಾಡೋಣ, ನೆಲಕ್ಕೆ ಗ್ರಾನೈಟ್ ಹಾಕೋಣ ಎಂದು ಪಾಲನಾ ಮಂಡಳಿಯಲ್ಲಿ ಠರಾವು ಆಗುತ್ತದೆ. ಇಂಜಿನಿಯರರ ನಕ್ಷೆಯೊಡನೆ ಅರ್ಜಿಯು ಧರ್ಮಾಧ್ಯಕ್ಷರ ಕಚೇರಿಗೂ ಪಂಚಾಯತ್ ಅಥವಾ ನಗರಸಭೆಗೂ ಹೋಗುತ್ತದೆ. ಆ ನಕ್ಷೆಯಲ್ಲಿ ಹೊಸತಾಗಿ ಬರುವುದೆಲ್ಲ ಇರುತ್ತದೆ, ಹೋಗಲಿರುವುದು ಮಾತ್ರ ಇರುವುದಿಲ್ಲ. ಆದ್ದರಿಂದ ಅರ್ಜಿಯ ಜೊತೆಗೆ ಕಟ್ಟಡದ ಪಾರಂಪರಿಕ ಮೌಲ್ಯದ ಕುರಿತು ಒಂದು ಮಾಹಿತಿ ಪತ್ರವನ್ನು ಸಿದ್ಧಪಡಿಸಬೇಕೆಂದು ನಾವು ಹೇಳಲಿಚ್ಛಿಸುತ್ತೇವೆ.

"ನಮ್ಮ ಚರ್ಚ್ ಪುರಾತನವಾದುದು, ಅತ್ಯಂತ ಸುಂದರವಾದುದು" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಏನಿದೆ, ಅದರಲ್ಲಿ ಯಾವುದಕ್ಕೆ ಬೆಲೆಯಿದೆ, ಯೋಚಿಸಿದ ಕೆಲಸದಿಂದ ಅದಕ್ಕೆ ಏನಾಗುತ್ತದೆ ಎಂಬುದನ್ನು ಹೇಳಬೇಕು. ಸಣ್ಣ ದುರಸ್ತಿಗೆ ಎರಡು ಪುಟ ಸಾಕು.

ಮೊದಲು ಕಾಲದ ವಿಷಯ. ಧರ್ಮಕೇಂದ್ರದ ವರ್ಷ ಬೇರೆ, ಈಗಿರುವ ಕಟ್ಟಡದ ವರ್ಷ ಬೇರೆ. ಮಂಗಳೂರಿನ ರೊಸಾರಿಯೊದ ಇತಿಹಾಸ 1568ರಿಂದ ಆರಂಭವಾಗುತ್ತದೆ, ಆದರೆ ಇಂದಿನ ಪ್ರಧಾನಾಲಯ 1910ರದ್ದು. 1784ರ ಸೆರೆಯ ಕಾಲದಲ್ಲಿ ನೆಲಸಮವಾದ ಚರ್ಚ್‌ಗಳು ಮತ್ತೆ ಎದ್ದುದು 1799ರ ನಂತರವೇ. ಹೆಂಚಿನ ಮೇಲೆ '1865' ಎಂದಿರುವುದನ್ನು ಕಂಡು ಮಾಡಿನ ವರ್ಷವೇ ಅದೆಂದು ಬರೆಯುವವರಿದ್ದಾರೆ. ಅದು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಹೆಂಚು ಎಷ್ಟೋ ವರ್ಷಗಳ ಬಳಿಕ ಬಂದಿರಬಹುದು. ಜುಬಿಲಿಯ ಸ್ಮರಣ ಸಂಚಿಕೆಗಳನ್ನೂ ಪೂರ್ತಿ ನಂಬಬೇಡಿ, ಒಂದರಿಂದ ಇನ್ನೊಂದಕ್ಕೆ ನಕಲಾದುದೇ ಹೆಚ್ಚು. ಚರ್ಚಿನ ಲೆಕ್ಕದ ಪುಸ್ತಕ, ಮಂಡಳಿಯ ನಡವಳಿ, ಅಡಿಗಲ್ಲಿನ ಬರಹ, ಹಳೆಯ ಮನೆಗಳಲ್ಲಿರುವ ಮದುವೆಯ ಫೋಟೊಗಳು, ಇವು ಹೆಚ್ಚು ಸತ್ಯ ಹೇಳುತ್ತವೆ. ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದುದು 2012ರಲ್ಲಿ. ಹಾಗಾಗಿ ಅಲ್ಲಿನವರು ಹಿಂದಿನ ಪತ್ರಗಳಿಗಾಗಿ ಮಂಗಳೂರಿನಲ್ಲೂ ವಿಚಾರಿಸಬೇಕು.

ಬಳಿಕ ಕಟ್ಟಡವನ್ನು ಮಾಡಿನಿಂದ ನೆಲದವರೆಗೆ ನೋಡಿ ಬರೆಯಿರಿ. ಪಕ್ಕಾಸು ಯಾವ ಮರದ್ದು, ಗೋಡೆ ಕೆಂಪುಕಲ್ಲಿನದೇ, ಗಾರೆ ಸುಣ್ಣದ್ದೇ ಸಿಮೆಂಟಿನದೇ, ನೆಲದಲ್ಲಿ ಸಮಾಧಿಕಲ್ಲುಗಳಿವೆಯೇ. ಇದು ಬರೇ ಅಭಿಮಾನದ ಮಾತಲ್ಲ. ಸುಣ್ಣದ ಗಾರೆಯ ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಬಳಿದರೆ ಮಳೆಗಾಲದಲ್ಲಿ ಹೀರಿದ ತೇವಕ್ಕೆ ಹೊರಹೋಗಲು ದಾರಿಯಿರುವುದಿಲ್ಲ, ಗೋಡೆ ಒಳಗಿಂದಲೇ ಹಾಳಾಗುತ್ತದೆ. ಒಂದು ಕಡೆಯ ಕೆಲಸ ಇನ್ನೊಂದು ಕಡೆಗೆ ತಾಗುವುದೂ ಉಂಟು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಸಹೋದರ ಅಂತೋನಿಯೊ ಮೊಸ್ಕೆನಿಯವರ ಚಿತ್ರಗಳು ಗೋಡೆಯಲ್ಲೂ ಮಾಡಿನ ಒಳಬದಿಯಲ್ಲೂ ಇವೆ. ಅಂಥಲ್ಲಿ ಹೆಂಚು ಸರಿಸುವುದೆಂದರೆ ಚಿತ್ರವನ್ನೇ ಮುಟ್ಟಿದ ಹಾಗೆ. ಕೆಡವಲೇಬೇಕಾದ ಭಾಗವಿದ್ದರೆ ಏಕೆಂದು, ಬೇರೆ ಯಾವ ದಾರಿಗಳನ್ನು ಯೋಚಿಸಿದಿರೆಂದು ಮರೆಮಾಚದೆ ತಿಳಿಸಿ. ಗೆದ್ದಲು ಹಿಡಿದ ಪಕ್ಕಾಸನ್ನು ಉಳಿಸಿ ಎಂದು ಯಾರೂ ಹೇಳುವುದಿಲ್ಲ.

ಧರ್ಮಸಭೆಯ ಕಾನೂನೂ ಇದನ್ನೇ ಕೇಳುತ್ತದೆ. ಚರ್ಚ್ ಕಟ್ಟುವಾಗ, ದುರಸ್ತಿ ಮಾಡುವಾಗ ತಜ್ಞರ ಸಲಹೆ ಬೇಕೆನ್ನುತ್ತದೆ 1216ನೇ ವಿಧಿ. ಹಳಮೆಯಿಂದಲೋ ಕಲೆಯಿಂದಲೋ ಭಕ್ತಿಯಿಂದಲೋ ಬೆಲೆಯುಳ್ಳ ಪ್ರತಿಮೆ, ಚಿತ್ರಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದೆನ್ನುತ್ತದೆ 1189ನೇ ವಿಧಿ. ಹಳೆಯ ಪ್ರತಿಮೆಗೆ ಹೊಳೆಯುವ ಬಣ್ಣ ಹೊಡೆಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಸರಕಾರದ ಕಡೆಯಿಂದ ಇನ್ನೊಂದು ವಿಷಯವಿದೆ. ನಿಮ್ಮ ಚರ್ಚ್ ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು, ಆದರೆ ಹತ್ತಿರದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕವಿದ್ದರೆ (ಕಾರ್ಕಳದ ಗೊಮ್ಮಟ ಅಂಥದ್ದು) 2010ರಲ್ಲಿ ತಿದ್ದುಪಡಿಯಾದ ಕಾಯಿದೆ ಅನ್ವಯಿಸುತ್ತದೆ. ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೆ ಅನುಮತಿ ಬೇಕು. ಅಲ್ಲಿಂದಾಚೆ 200 ಮೀಟರ್‌ವರೆಗೆ ಕಟ್ಟುವುದಕ್ಕೂ ಅನುಮತಿ ಬೇಕು. ದೂರ ಅಳೆದು ನಕ್ಷೆಯಲ್ಲಿ ತೋರಿಸಿದರೆ ಅರ್ಜಿ ಹಿಂದೆ ಬರುವುದು ತಪ್ಪುತ್ತದೆ.

ಫೋಟೊಗಳನ್ನು ಕೆಲಸ ಶುರುವಾಗುವ ಮೊದಲೇ ತೆಗೆಯಿರಿ. ಪ್ರತಿಯೊಂದಕ್ಕೂ ಅಂಕೆ ಹಾಕಿ, ಎಲ್ಲಿ ನಿಂತು ತೆಗೆದುದೆಂದು ನಕ್ಷೆಯಲ್ಲಿ ಗುರುತಿಸಿ. ಪತ್ರದ ಒಂದು ಪ್ರತಿ ಧರ್ಮಕೇಂದ್ರದ ದಾಖಲೆಗಳ ಕಪಾಟಿನಲ್ಲಿರಲಿ, ಇನ್ನೊಂದನ್ನು ಧರ್ಮಪ್ರಾಂತ್ಯದ ದಾಖಲೆ ಸಂಗ್ರಹಕ್ಕೆ ಕಳುಹಿಸಿ.