ಎತ್ತಂಗಡಿಯ ಊರು ಆಲ್ಡರ್‌ಶಾಟ್

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಆಲ್ಡರ್‌ಶಾಟ್‌ನಲ್ಲಿ 1851ರ ಜನಗಣತಿಯ ವೇಳೆಗೆ ಒಂಬೈನೂರು ಜನರೂ ಇರಲಿಲ್ಲ. ಸುತ್ತ ಕುರುಚಲು ಬೆಳೆದ ಮರಳುನೆಲ. ಬೇಸಾಯಕ್ಕೆ ಒಗ್ಗದ ಆ ಬಯಲು ಕವಾಯತಿಗೆ ಹೇಳಿ ಮಾಡಿಸಿದಂತಿತ್ತು. ದೊಡ್ಡ ಪಡೆಗಳನ್ನು ಒಟ್ಟಿಗೆ ಪಳಗಿಸಲು ಬ್ರಿಟಿಷ್ ಸೈನ್ಯಕ್ಕೆ ಆಗ ಕಾಯಂ ಜಾಗವೇ ಇರಲಿಲ್ಲ. 1854ರಲ್ಲಿ, ಕ್ರಿಮಿಯದ ಯುದ್ಧ ಶುರುವಾದ ಹೊತ್ತಿಗೆ, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟನ ಒತ್ತಾಸೆಯೂ ಸೇರಿ ಸರ್ಕಾರ ಇಲ್ಲಿ ನೆಲ ಕೊಂಡಿತು. ಬೇಸಿಂಗ್‌ಸ್ಟೋಕ್ ಕಾಲುವೆಯ ಆಚೆ ಒಂದು, ಈಚೆ ಒಂದು ಶಿಬಿರ ಎದ್ದವು. 1861ಕ್ಕೆ ಜನಸಂಖ್ಯೆ 16,000 ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೈನ್ಯದವರು.

ದಂಡಿನ ಹಿಂದೆಯೇ ದರ್ಜಿಗಳು, ಹೆಂಡದಂಗಡಿಯವರು, ಬಡ್ಡಿಗೆ ಕೊಡುವವರು ಬಂದರು, ವೇಶ್ಯೆಯರೂ ಬಂದರು. 1864ರ ಕಾನೂನೊಂದು ಇಂಥ ದಂಡಿನೂರುಗಳಲ್ಲಿ ಅನುಮಾನ ಬಂದ ಹೆಂಗಸರನ್ನು ಪೊಲೀಸರು ಹಿಡಿದು ಗುಹ್ಯರೋಗದ ತಪಾಸಣೆಗೆ ಒಳಪಡಿಸಲು ಅವಕಾಶ ಕೊಟ್ಟಿತು. ಸೈನಿಕರನ್ನು ಹಾಗೆ ಹಿಡಿಯುವ ಮಾತಿರಲಿಲ್ಲ. ಈ ಏಕಪಕ್ಷೀಯ ನ್ಯಾಯ ರದ್ದಾದದ್ದು 1886ರಲ್ಲಿ.

ಸೈನಿಕರ ಮನರಂಜನೆಗೆ ಇಲ್ಲಿ 'ಕ್ಯಾಂಟೀನ್' ಎಂಬ ರಂಗಮಂದಿರವಿತ್ತು. 1894ರಲ್ಲಿ ಅಲ್ಲಿ ಹಾಡುತ್ತಿದ್ದ ಹ್ಯಾನಾ ಚಾಪ್ಲಿನ್‌ಳ ಗಂಟಲು ಕೈಕೊಟ್ಟಿತು. ಸಭೆಯಲ್ಲಿ ಗೇಲಿ, ಕೂಗಾಟ. ಮ್ಯಾನೇಜರ್ ಅವಳ ಐದು ವರ್ಷದ ಮಗನನ್ನು ರಂಗಕ್ಕೆ ಕರೆತಂದು ನಿಲ್ಲಿಸಿದ. ಅರ್ಧ ಹಾಡು ಮುಗಿಯುವಷ್ಟರಲ್ಲಿ ನಾಣ್ಯಗಳು ಬಿದ್ದವು. ಹುಡುಗ ಹಾಡು ನಿಲ್ಲಿಸಿ, ದುಡ್ಡು ಆಯ್ದುಕೊಂಡ ಮೇಲೆ ಮುಂದುವರಿಸುತ್ತೇನೆಂದ. ಸೈನಿಕರು ಬಿದ್ದು ಬಿದ್ದು ನಕ್ಕರು. ಚಾರ್ಲಿ ಚಾಪ್ಲಿನ್ ಮುಂದೆ ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದುಕೊಂಡಿದ್ದಾನೆ.

ಇಲ್ಲಿ ಯಾವ ದಳವೂ ನೆಲೆ ನಿಲ್ಲುವುದಿಲ್ಲ, ರೆಜಿಮೆಂಟುಗಳು ಬರುತ್ತವೆ, ಎತ್ತಂಗಡಿಯಾಗುತ್ತವೆ. 1895ರಲ್ಲಿ ನಾಲ್ಕನೇ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಮರುವರ್ಷ ದಳದ ಜೊತೆ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ. ಊರಿನ ದೊಡ್ಡ ಪ್ರತಿಮೆಯೂ ಎತ್ತಂಗಡಿಯಾಗಿ ಬಂದದ್ದೇ. ಕುದುರೆ ಏರಿದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಸುಮಾರು 30 ಅಡಿ ಎತ್ತರದ ಕಂಚಿನ ಪ್ರತಿಮೆ 1846ರಿಂದ ಲಂಡನ್ನಿನ ಕಮಾನೊಂದರ ತಲೆಯ ಮೇಲಿತ್ತು. ಕಮಾನಿನ ಅಳತೆಗೆ ಪ್ರತಿಮೆ ತೀರಾ ದೊಡ್ಡದಾಯಿತೆಂದು ಜನ ಆಡಿಕೊಂಡರು. ಕೊನೆಗೆ ಕೆಳಗಿಳಿಸಿ 1885ರಲ್ಲಿ ಇಲ್ಲಿಯ ಗುಡ್ಡದ ಮೇಲೆ ನಿಲ್ಲಿಸಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್.

ಸೈನ್ಯದ ಸಿಟ್ಟು, ಸೈನ್ಯದ ಮೇಲಿನ ಸಿಟ್ಟು ಎರಡೂ ಊರವರ ತಲೆಗೇ ಬಂದಿವೆ. 1945ರ ಜುಲೈನಲ್ಲಿ, ಯುರೋಪಿನ ಯುದ್ಧ ಮುಗಿದರೂ ತಮ್ಮನ್ನು ಸ್ವದೇಶಕ್ಕೆ ಕಳಿಸಲು ತಡವಾಯಿತೆಂದು ರೋಸಿದ ಕೆನಡಾದ ಸೈನಿಕರು ಅಂಗಡಿಗಳ ಗಾಜು ಪುಡಿಮಾಡಿದರು. ಆಲ್ಡರ್‌ಶಾಟ್‌ನವರು ಸೆಪ್ಟೆಂಬರಿನಲ್ಲಿ ಅದೇ ಸೈನ್ಯಕ್ಕೆ ಪೌರ ಗೌರವ ನೀಡಿದರು! 1972ರ ಫೆಬ್ರುವರಿಯಲ್ಲಿ ಐರ್ಲೆಂಡಿನ ಸಶಸ್ತ್ರ ಸಂಘಟನೆ ಐಆರ್‌ಎ ಪ್ಯಾರಾಚೂಟ್ ದಳದ ಮೆಸ್ಸಿನ ಬಳಿ ಬಾಂಬಿಟ್ಟಾಗ ಸತ್ತವರು ಅಲ್ಲಿ ಕೆಲಸಕ್ಕಿದ್ದ ಐವರು ಹೆಂಗಸರು, ಒಬ್ಬ ಮಾಲಿ, ಒಬ್ಬ ಪಾದ್ರಿ.

ಈಚೆಗೆ ಸೈನ್ಯ ಬಿಟ್ಟ ಬ್ಯಾರಕ್ ನೆಲದಲ್ಲಿ ವೆಲ್ಲೆಸ್ಲಿ ಎಂಬ ಹೆಸರಿನ ಹೊಸ ಬಡಾವಣೆ ಏಳುತ್ತಿದೆ. 2009ರಲ್ಲಿ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಸಿಕ್ಕ, ಬ್ರಿಟಿಷ್ ಸೈನ್ಯದಲ್ಲಿ ದುಡಿದ ನೇಪಾಳದ ಹಳೆಯ ಗೂರ್ಖಾ ಯೋಧರ ಪೈಕಿ ಹಲವರು ಮನೆಮಂದಿಯೊಂದಿಗೆ ಆಲ್ಡರ್‌ಶಾಟ್‌ಗೇ ಬಂದರು. ಅವರ ಬೌದ್ಧ ಸಮುದಾಯ ಕೇಂದ್ರಕ್ಕೆ 2015ರಲ್ಲಿ ದಲೈ ಲಾಮಾ ಭೇಟಿ ಕೊಟ್ಟಾಗ, ಉಪನ್ಯಾಸಕ್ಕೆ ಊರಿನ ಫುಟ್‌ಬಾಲ್ ಕ್ರೀಡಾಂಗಣವನ್ನೇ ಬಳಸಬೇಕಾಯಿತು.