ಚನ್ನಪಟ್ಟಣದ ಮರದ ಓಲೆ: ಬಣ್ಣದ ಹಿಂದಿನ ಲೆಕ್ಕ

ಗೊಂಬೆಗಳ ಊರೆಂದೇ ಪ್ರಸಿದ್ಧವಾದ ಚನ್ನಪಟ್ಟಣದಲ್ಲಿ ಗೊಂಬೆಗಳ ಜೊತೆಗೆ ಬುಗುರಿಯಾಕಾರದ ಜುಮುಕಿ, ಬಣ್ಣದ ಪಟ್ಟೆಯ ಬಳೆ, ಮಣಿಸರ ಹಾಗೂ ಕೀಲಿಗೊಂಚಲುಗಳೂ ತಯಾರಾಗುತ್ತಿವೆ. ನೋಡುವವರಿಗೆ ಇವು ತಮಾಷೆಯ ವಸ್ತುಗಳು, ತಯಾರಿಸುವವರಿಗೆ ಜೀವನೋಪಾಯ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಬಳಿಕ ಹೆಚ್ಚಿನ ವಾಹನಗಳು ಊರನ್ನು ಪ್ರವೇಶಿಸದೆ ಸಾಗುತ್ತಿದ್ದು, ಹಳೆಯ ರಸ್ತೆಯ ಬದಿಯ ಅಂಗಡಿಗಳ ದಾರಿಹೋಕ ಗಿರಾಕಿಗಳು ಕಡಿಮೆಯಾದರು. ಗಿರಾಕಿ ಬಾರದಿದ್ದಲ್ಲಿ ಸರಕೇ ಗಿರಾಕಿಯ ಬಳಿಗೆ ಹೋಗಬೇಕು. ತೂಕದಲ್ಲಿ ಹಗುರವಾದ ಆಭರಣಕ್ಕೆ ಈ ಅನುಕೂಲವಿದೆ. ಆದರೆ ಸರಿಯಾದ ಅಸಲು ಲೆಕ್ಕವಿಲ್ಲದೆ ಈ ಅನುಕೂಲ ಲಾಭವಾಗಿ ಪರಿಣಮಿಸುವುದಿಲ್ಲ.

ತಯಾರಿಕೆಯ ವಿಧಾನ

ಬಿಳುಪಾದ, ನಯವಾದ ಹಾಲೆ ಮರವನ್ನು ಚೆನ್ನಾಗಿ ಒಣಗಿಸಿ ಲೇತ್‌ನಲ್ಲಿ ಕಡೆಯಲಾಗುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ಅಂಟಿಕೊಳ್ಳುತ್ತದೆ. ಬಳಿಕ ಒಣಗಿದ ಗರಿಯಿಂದ ಉಜ್ಜಿ ಹೊಳಪು ಕೊಡಲಾಗುತ್ತದೆ. ಗೊಂಬೆಗೆ ಸಾಲದ ಸಣ್ಣ ತುಂಡೂ ಮಣಿಯಾಗಬಲ್ಲದು. ಆದರೆ ಓಲೆಗೆ ಜೋಡಿ ಬೇಕು. ಗಾತ್ರದಲ್ಲಾಗಲಿ, ಬಣ್ಣದ ಪಟ್ಟೆಯಲ್ಲಾಗಲಿ ಕೊಂಚ ವ್ಯತ್ಯಾಸವಾದರೂ ಜೋಡಿ ಕೂಡುವುದಿಲ್ಲ. ಹೊಸಬರ ಲೆಕ್ಕ ತಪ್ಪುವುದು ಇಲ್ಲಿಯೇ.

ಒಂದು ಜೋಡಿಯ ಅಸಲು

ಉದಾಹರಣೆಗಾಗಿ ಒಂದು ಜೋಡಿ ಓಲೆಯ ಕಲ್ಪಿತ ಲೆಕ್ಕವನ್ನು ಪರಿಶೀಲಿಸಬಹುದು. ಮರ ಮತ್ತು ಅರಗಿಗೆ ರೂ. 8, ಕೊಂಡಿಗೆ ರೂ. 6, ಕಾರ್ಡು ಮತ್ತು ಪೊಟ್ಟಣಕ್ಕೆ ರೂ. 6, ಒಟ್ಟು ಸಾಮಗ್ರಿ ರೂ. 20. ಕಡೆಯಲು 15 ನಿಮಿಷ, ಜೋಡಿಸಲು 10 ನಿಮಿಷ, ಗಂಟೆಗೆ ರೂ. 120ರಂತೆ ಮಜೂರಿ ರೂ. 50. ಬಾಡಿಗೆ ಮತ್ತು ವಿದ್ಯುತ್ತಿನ ಪಾಲು ರೂ. 10. ಹೀಗೆ ಒಟ್ಟು ರೂ. 80. ಐದರಲ್ಲಿ ಒಂದು ಜೋಡಿ ತಿರಸ್ಕೃತವಾದರೆ ಉಳಿದ ನಾಲ್ಕು ಜೋಡಿಗಳೇ ಆ ವೆಚ್ಚವನ್ನೂ ಹೊರಬೇಕು. ಆಗ ನಿಜವಾದ ಅಸಲು ರೂ. 100.

ಅಂಗಡಿಯವರು ಮಾರಾಟ ಬೆಲೆಯ ಅರ್ಧವನ್ನು ತಮ್ಮ ಪಾಲಾಗಿ ಇಟ್ಟುಕೊಳ್ಳುವರೆಂದು ಭಾವಿಸೋಣ. ತೆರಿಗೆ ಹೊರತುಪಡಿಸಿ ಬೆಲೆ ರೂ. 150 ಆದರೆ ತಯಾರಕರ ಕೈಸೇರುವುದು ರೂ. 75. ಸಾಮಗ್ರಿಯನ್ನಷ್ಟೇ ಎಣಿಸುವವರಿಗೆ ಇದು ರೂ. 55ರ ಲಾಭವಾಗಿ ಕಾಣುತ್ತದೆ; ವಾಸ್ತವದಲ್ಲಿ ರೂ. 25 ನಷ್ಟ. ಬೆಲೆ ರೂ. 250 ಆದಾಗ ಮಾತ್ರ ರೂ. 25 ಉಳಿಯುತ್ತದೆ. ಮನೆಯವರ ದುಡಿಮೆಗೆ ಮಜೂರಿ ಹಾಕದೆ ಕಡಿಮೆ ಬೆಲೆಗೆ ಮಾರುವುದು ವ್ಯಾಪಾರವಲ್ಲ, ಬಂಡವಾಳವನ್ನು ತಿಂದುಹಾಕುವುದು.

ಗುಣಮಟ್ಟ ಮತ್ತು ಹೆಸರು

ಕೊಂಡುಕೊಳ್ಳುವ ವರ್ತಕರು ಮೊದಲು ಕೊಂಡಿಯನ್ನು ಪರೀಕ್ಷಿಸಬೇಕು. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ಅರಗು ಬಿಸಿಗೆ ಮೃದುವಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ. ಆದ್ದರಿಂದ ಸುಗಂಧದ್ರವ್ಯ ಮತ್ತು ಬಿಸಿಲಿನಿಂದ ದೂರವಿಡುವಂತೆ ಕಾರ್ಡಿನ ಮೇಲೆ ಎರಡು ಸಾಲು ಮುದ್ರಿಸಿದರೆ ವಾಪಸು ಬರುವ ಸರಕು ಕಡಿಮೆಯಾಗುತ್ತದೆ.

ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ಅದು ಆಭರಣಕ್ಕೆ ತಾನಾಗಿಯೇ ಅನ್ವಯಿಸುತ್ತದೆಂದು ಭಾವಿಸದೆ, ನೋಂದಣಿಯ ವ್ಯಾಪ್ತಿಯನ್ನು ನೋಡಿಕೊಂಡೇ ಆ ಗುರುತನ್ನು ಬಳಸುವುದು ಕ್ಷೇಮ.

ತೆರಿಗೆ ಮತ್ತು ಪಾವತಿ

ಕೃತಕ ಆಭರಣಗಳಿಗೆ ಜಿಎಸ್‌ಟಿ ಶೇ. 3. ಅರಗಿನ ಬಳೆಗೆ ವಿನಾಯಿತಿಯಿದ್ದರೂ, ಅರಗು ಲೇಪಿಸಿದ ಮರದ ಬಳೆಗೂ ಅದು ಸಲ್ಲುವುದೆಂದು ಊಹಿಸಿ ಬಿಲ್ಲು ಬರೆಯಬಾರದು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಸಾಮಾನ್ಯವಾಗಿ ವಾರ್ಷಿಕ ರೂ. 40 ಲಕ್ಷದವರೆಗಿನ ವಹಿವಾಟಿಗೆ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್ 1ರಿಂದ ಇಂತಹ ಸಣ್ಣ ಮಾರಾಟಗಾರರು ನಿಗದಿತ ಷರತ್ತುಗಳಿಗೆ ಒಳಪಟ್ಟು, ರಾಜ್ಯದೊಳಗೆ, ಅಂತರಜಾಲ ಮಾರಾಟ ತಾಣಗಳ ಮೂಲಕವೂ ಮಾರಬಹುದು.

ಸಣ್ಣ ತಯಾರಕರನ್ನು ಹೆಚ್ಚು ಕಾಡುವುದು ಉದ್ರಿ. ಎಂಎಸ್‌ಎಂಇ ಕಾಯ್ದೆಯಂತೆ, ಉದ್ಯಮ ನೋಂದಣಿ ಪಡೆದ ಕಿರು ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಬೇಕು. ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರೀದಿದಾರರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದೆಂಬ ನಿಯಮ 2024–25ರ ನಿರ್ಧರಣಾ ವರ್ಷದಿಂದ ಜಾರಿಗೆ ಬಂದಿದೆ. ಆದ್ದರಿಂದ ಸಕಾಲಿಕ ಪಾವತಿ ಇಬ್ಬರಿಗೂ ಹಿತ. ಮಾರಾಟವಾದ ಮೇಲೆ ಹಣವೆಂಬ ಕರಾರಿನಲ್ಲಿ ಸರಕು ಕೊಡುವವರು, ಉಳಿದ ದಾಸ್ತಾನು ಯಾವ ದಿನಾಂಕಕ್ಕೆ ವಾಪಸಾಗಬೇಕೆಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಆಭರಣದ ವಿನ್ಯಾಸ ಬೇಗ ಹಳತಾಗುತ್ತದೆ. ಒಂದೇ ಮಾದರಿಯನ್ನು ಸಾವಿರಗಟ್ಟಲೆ ಕಡೆಯುವ ಬದಲು, ಸಣ್ಣ ಕಂತುಗಳಲ್ಲಿ ತಯಾರಿಸಿ, ಮಾರಾಟವನ್ನು ಮಾದರಿವಾರು ಬರೆದಿಟ್ಟು, ಬೇಡಿಕೆಯಿರುವುದನ್ನು ಮತ್ತೆ ಮಾಡುವುದು ಲೇಸು. ಕಡೆಯುವವರ ಕೈಗೆ ಕೌಶಲವಿದೆ. ಅದಕ್ಕೆ ತಕ್ಕ ಬೆಲೆಯನ್ನು ಅವರೂ ಕೇಳಬೇಕು, ವರ್ತಕರೂ ಕೊಡಬೇಕು.